ಕಿಟ್ಟೆಲ್ ಕಣ್ಮುಚ್ಚಿದ ಊರಿನಲ್ಲಿ ಒಂದು ಭಾನುವಾರ

ಮನೆಯ ಸಾಮಾನೆಲ್ಲ ಹನ್ನೊಂದು ರಟ್ಟಿನ ಪೆಟ್ಟಿಗೆಗಳಲ್ಲಿ ತುಂಬಿಯಾಗಿತ್ತು. ನಗರಾಡಳಿತದ ಕಚೇರಿಗೆ ಹೋಗಿ ‘ಅಬ್‌ಮೆಲ್ಡುಂಗ್’, ಅಂದರೆ ನಾನಿನ್ನು ಈ ವಿಳಾಸದಲ್ಲಿ ಇರುವುದಿಲ್ಲ ಎಂದು ಬರೆದುಕೊಡುವ ಶಾಸ್ತ್ರವೂ ಮುಗಿದಿತ್ತು. ಸ್ಟುಟ್‌ಗಾರ್ಟಿನ ಮೂರು ವರ್ಷಗಳಲ್ಲಿ ನನಗೆ ಉಳಿದದ್ದು ಒಂದೇ ಒಂದು ಭಾನುವಾರ. ಜರ್ಮನಿಯಲ್ಲಿ ಭಾನುವಾರ ಅಂಗಡಿಗಳು ಬಾಗಿಲು ತೆರೆಯುವುದಿಲ್ಲ, ಹಾಗಾಗಿ ಊರಿಗೆ ಒಯ್ಯುವ ಚಾಕೊಲೇಟಿಗೆ ಅಲೆಯುವ ಕೆಲಸವೂ ಇರಲಿಲ್ಲ. ಬೆಳಿಗ್ಗೆಯೇ ಎದ್ದು ಟ್ಯೂಬಿಂಗೆನ್ ರೈಲು ಹತ್ತಿದೆ.

ಪ್ಯಾರಿಸ್, ಪ್ರಾಗ್, ವೆನಿಸ್ ಎಲ್ಲ ನೋಡಿ ಬಂದವರಿಗೆ ಗಂಟೆಯೊಳಗೆ ತಲುಪುವ ಊರು ಕಣ್ಣಿಗೆ ಬಿದ್ದಿರಲಿಲ್ಲ. ಆದರೆ ಆ ಊರಿನ ಹೆಸರನ್ನು ನಾನು ಕೇಳಿದ್ದು ಜರ್ಮನಿಗೆ ಬಂದ ಮೇಲಲ್ಲ, ಪುತ್ತೂರಿನ ನಮ್ಮ ಮನೆಯ ಚಾವಡಿಯಲ್ಲಿ. ಅಜ್ಜ ಶಾಲೆ ಮಾಸ್ತರರಾಗಿದ್ದವರು. ಅವರ ಮೇಜಿನ ಮೇಲೆ ಕಿಟ್ಟೆಲ್ ನಿಘಂಟಿನ ನಾಲ್ಕು ದಪ್ಪ ಸಂಪುಟಗಳಿದ್ದವು. ಎಂ. ಮರಿಯಪ್ಪ ಭಟ್ಟರು ಪರಿಷ್ಕರಿಸಿ ಮದ್ರಾಸ್ ವಿಶ್ವವಿದ್ಯಾಲಯ ಪ್ರಕಟಿಸಿದ ಆವೃತ್ತಿ ಅದು. ನಾವು ಯಾವುದಾದರೂ ಮಾತಿನ ಅರ್ಥ ಕೇಳಿದರೆ ಅಜ್ಜ ಹೇಳುತ್ತಿರಲಿಲ್ಲ. “ಕಿಟ್ಟೆಲ್‌ನ ಕೇಳು” ಎನ್ನುತ್ತಿದ್ದರು. ಆ ಕಿಟ್ಟೆಲ್ ಯಾರೋ ನಮ್ಮ ಊರಿನ ಹಿರಿಯರೇ ಇರಬೇಕೆಂದು ನಾನು ಬಹಳ ದಿನ ತಿಳಿದಿದ್ದೆ.

ಫರ್ಡಿನಾಂಡ್ ಕಿಟ್ಟೆಲ್ ಹುಟ್ಟಿದ್ದು 1832ರಲ್ಲಿ, ಜರ್ಮನಿಯ ಉತ್ತರದ ಕಡಲಂಚಿನ ಒಂದು ಹಳ್ಳಿಯಲ್ಲಿ. 1853ರಲ್ಲಿ ಬಾಸೆಲ್ ಮಿಷನ್ನಿನ ಪಾದ್ರಿಯಾಗಿ ನಮ್ಮ ಕಡೆಗೆ ಬಂದಾಗ ಅವರಿಗೆ ಇಪ್ಪತ್ತೊಂದು ವರ್ಷ. ಧಾರವಾಡ, ಮಡಿಕೇರಿ, ಮಂಗಳೂರು ಎಂದು ಸುತ್ತಿದರು. ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು 1872ರಲ್ಲಿ, ನಾಗವರ್ಮನ ‘ಛಂದೋಂಬುಧಿ’ಯನ್ನು 1875ರಲ್ಲಿ ಸಂಪಾದಿಸಿ ಅಚ್ಚು ಮಾಡಿಸಿದರು. 1877ರಲ್ಲಿ ತಾಯ್ನಾಡಿಗೆ ಮರಳಿದವರು ನಿಘಂಟಿನ ಕೆಲಸಕ್ಕಾಗಿಯೇ ಮತ್ತೆ ಬಂದರು. ಸುಮಾರು 70,000 ಪದಗಳ ಆ ಗ್ರಂಥ 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಬಿದ್ದಾಗ ಅವರ ವಯಸ್ಸು ಅರುವತ್ತೆರಡು. ಕೊನೆಗಾಲ ಕಳೆದದ್ದು ಟ್ಯೂಬಿಂಗೆನ್‌ನಲ್ಲಿ. ಇಲ್ಲಿನ ವಿಶ್ವವಿದ್ಯಾಲಯ 1896ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿತು. ಕನ್ನಡ ವ್ಯಾಕರಣದ ಪುಸ್ತಕ ಪ್ರಕಟವಾದ 1903ರಲ್ಲೇ ಅವರು ಇಲ್ಲಿ ತೀರಿಕೊಂಡರು.

ರೈಲು ನಿಲ್ದಾಣದಿಂದ ಹತ್ತು ನಿಮಿಷ ನಡೆದರೆ ನೆಕಾರ್ ನದಿಯ ಸೇತುವೆ. ಸ್ಟುಟ್‌ಗಾರ್ಟಿನಲ್ಲಿ ಸರಕಿನ ದೋಣಿಗಳನ್ನು ಹೊತ್ತು ಹರಿಯುವ ನದಿ ಇಲ್ಲಿ ಸಣ್ಣದು, ಸದ್ದಿಲ್ಲದ್ದು. ಉದ್ದ ಗಳುವಿನಿಂದ ತಳ ಒತ್ತಿ ನಡೆಸುವ ಚಪ್ಪಟೆ ದೋಣಿಗಳಲ್ಲಿ ಜನ ಕಾಲು ಚಾಚಿ ಕುಳಿತಿದ್ದರು. ದಡದಲ್ಲಿ ಹಳದಿ ಬಣ್ಣದ ದುಂಡು ಗೋಪುರ. ಕವಿ ಹೋಲ್ಡರ್ಲಿನ್ ಇದ್ದ ಮನೆ ಇದು. ಬುದ್ಧಿಭ್ರಮಣೆಗೆ ಒಳಗಾಗಿ, ಆಸ್ಪತ್ರೆಯೂ ಗುಣವಾಗದೆಂದು ಕೈಬಿಟ್ಟಾಗ, ಎರ್ನ್ಸ್ಟ್ ಝಿಮ್ಮರ್ ಎಂಬ ಬಡಗಿ ಅವರನ್ನು 1807ರಲ್ಲಿ ತನ್ನ ಮನೆಗೆ ಕರೆತಂದ. ನೆಂಟನಲ್ಲ, ಗೆಳೆಯನಲ್ಲ. ಆ ಕವಿಯ ಕಾದಂಬರಿ ಓದಿ ಮೆಚ್ಚಿದವನು, ಅಷ್ಟೆ. ಬಡಗಿ ಸತ್ತ ಮೇಲೆ ಮಗಳು ನೋಡಿಕೊಂಡಳು. ಒಟ್ಟು ಮೂವತ್ತಾರು ವರ್ಷ! ನದಿಯ ಕಡೆಗಿನ ಕಿಟಕಿಗಳಿರುವ ಆ ಕೋಣೆಯಲ್ಲಿ ನಿಂತಾಗ ನನಗೆ ಕವಿಗಿಂತ ಬಡಗಿಯೇ ಹೆಚ್ಚು ನೆನಪಾದ.

ಅಲ್ಲಿಂದ ಕಲ್ಲುಹಾಸಿನ ಓಣಿ ಹತ್ತಿದರೆ ದೊಡ್ಡ ಚರ್ಚು, ಅದರ ಎದುರು ಹೆಕ್ಕನ್‌ಹೌವರ್ ಪುಸ್ತಕದಂಗಡಿ. ‘ಸಿದ್ಧಾರ್ಥ’ ಬರೆದ ಹರ್ಮನ್ ಹೆಸ್ಸೆ 1895ರಿಂದ 1899ರವರೆಗೆ ಇಲ್ಲಿ ಕೆಲಸ ಮಾಡುತ್ತಿದ್ದ ಹುಡುಗ. ಹೆಸ್ಸೆಯ ತಾಯಿ ಮಲಬಾರಿನಲ್ಲಿ ಹುಟ್ಟಿದವರು. ತಾಯಿಯ ತಂದೆ ಹರ್ಮನ್ ಗುಂಡರ್ಟ್ 1872ರಲ್ಲಿ ಮಲಯಾಳಂ ನಿಘಂಟು ಕೊಟ್ಟವರು. ಮಂಗಳೂರಿನಲ್ಲಿ 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಓದಿದ್ದೂ ಇದೇ ಊರಿನಲ್ಲಿ. ಹೆಸ್ಸೆ ಪುಸ್ತಕದ ಕಟ್ಟು ಬಿಚ್ಚುತ್ತಿದ್ದ ವರ್ಷಗಳಲ್ಲಿ ಕಿಟ್ಟೆಲ್ ಇದೇ ಊರಿನಲ್ಲಿ ಇದ್ದರು. ಈ ಚಿಕ್ಕ ಊರಿನ ಓಣಿಗಳಲ್ಲಿ ಓಡಾಡಿದ ಇಷ್ಟು ಜನ ನಮ್ಮ ಕರಾವಳಿಯ ಮಾತುಗಳನ್ನು ಕಿವಿಯಲ್ಲಿ ತುಂಬಿಕೊಂಡಿದ್ದರೆಂದು ನೆನೆದರೆ ನನಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ.

ಇನ್ನೂ ಮೇಲೆ ಹತ್ತಿದರೆ ಊರಿನ ಕೋಟೆ. ಅದರ ಹಳೆಯ ಅಡುಗೆಮನೆಯಲ್ಲಿ ಫ್ರೀಡ್ರಿಖ್ ಮೀಶರ್ ಎಂಬ ವಿಜ್ಞಾನಿ 1869ರಲ್ಲಿ ಜೀವಕೋಶದ ನಡುವಿನಿಂದ ಒಂದು ಹೊಸ ವಸ್ತುವನ್ನು ಬೇರ್ಪಡಿಸಿದ. ಇಂದು ನಾವು ಡಿಎನ್‌ಎ ಎನ್ನುವುದು ಅದನ್ನೇ. ಆ ಅಡುಗೆಮನೆ ನೋಡಿ ಕೋಟೆಯ ಗೋಡೆಗೆ ಒರಗಿ ನಿಂತರೆ ಕೆಳಗೆ ಇಡೀ ಊರಿನ ಹೆಂಚಿನ ಮಾಡು. ನಮ್ಮ ಮನೆಯದು ಮಂಗಳೂರು ಹೆಂಚು. ಬಾಸೆಲ್ ಮಿಷನ್ನಿನವರೇ 1865ರಲ್ಲಿ ಜೆಪ್ಪುವಿನಲ್ಲಿ ಕಾರ್ಖಾನೆ ತೆರೆದು ಸುಡಲು ತೊಡಗಿದ್ದು. ಇಲ್ಲಿನ ಹೆಂಚಿಗೆ ನಮ್ಮದರ ಹಾಗೆ ಒಂದಕ್ಕೊಂದು ಕಚ್ಚಿಕೊಳ್ಳುವ ತೋಡಿಲ್ಲ. ಚಪ್ಪಟೆಯಾಗಿ, ತುದಿ ದುಂಡಾಗಿ, ಮೀನಿನ ಹುರುಪೆಯ ಹಾಗೆ ಒಂದರ ಮೇಲೊಂದು ಕೂತಿರುತ್ತದೆ. ಬಣ್ಣ ಮಾತ್ರ ಅದೇ ಕೆಂಪು.

ಆ ಗೋಡೆಯ ಮೇಲೆ ಕೂತು ಮೊಬೈಲಿನಲ್ಲಿ ಕಿಟ್ಟೆಲ್ ನಿಘಂಟು ತೆರೆದೆ. ಪದ, ಅದರ ತಮಿಳು, ತೆಲುಗು, ಮಲಯಾಳಂ, ತುಳು ಬಂಧುಗಳು, ಕಾವ್ಯದಲ್ಲಿ ಎಲ್ಲಿ ಬಂದಿದೆ ಎಂಬ ಸೂಚನೆ, ಅದರ ಬೆನ್ನಿಗೇ ಜನ ಆಡುವ ಗಾದೆ. ಪಂಡಿತರು ನೆರವಾಗಿದ್ದಾರೆ, ನಿಜ. ಆದರೆ ಗಾದೆ ಬರೀ ಪುಸ್ತಕದಲ್ಲಿ ಸಿಗುವುದಿಲ್ಲ. ಅದಕ್ಕೆ ಜನರ ನಡುವೆ ಕಿವಿಗೊಟ್ಟು ಕೂರಬೇಕು.

ಆಗ ನನಗೆ ಸ್ಟುಟ್‌ಗಾರ್ಟಿನ ನಮ್ಮ ಕೆಳಮನೆಯ ಅಜ್ಜಿ ನೆನಪಾದರು. ಆಫೀಸಿನಲ್ಲಿ ಇಂಗ್ಲಿಷ್ ಸಾಕಾಗುತ್ತಿತ್ತು, ಸಂಜೆಯ ಜರ್ಮನ್ ತರಗತಿಯನ್ನು ಎರಡನೇ ಹಂತಕ್ಕೇ ಬಿಟ್ಟಿದ್ದೆ. ನಮ್ಮ ಕಟ್ಟಡದಲ್ಲಿ, ಆ ಸೀಮೆಯ ಪದ್ಧತಿಯಂತೆ, ವಾರಕ್ಕೊಂದು ಮನೆಯವರು ಮೆಟ್ಟಿಲು ಗುಡಿಸಿ ಒರೆಸಬೇಕು. ‘ಕೇರ್‌ವೋಖೆ’ ಎಂದು ಬರೆದ ಅಂಗೈಯಗಲದ ಹಲಗೆ ಯಾರ ಬಾಗಿಲಲ್ಲಿ ತೂಗುತ್ತದೆಯೋ ಆ ವಾರ ಅವರ ಪಾಳಿ. ಹಲಗೆ ನನಗೆ ಬರುತ್ತಿದ್ದದ್ದು ಅಜ್ಜಿಯ ಕೈಯಿಂದ. ಒಮ್ಮೆ ಅದನ್ನು ಕೊಡುತ್ತ ನನ್ನ ಕೈ ಹಿಡಿದು ಏನೋ ಬಹಳ ಹೊತ್ತು ಹೇಳಿದರು. ಅರ್ಥವಾಗದಿದ್ದರೂ ನಗುತ್ತ “ಯಾ, ಯಾ” ಅಂದೆ. ಅಂದು ಅವರ ಗಂಡ ತೀರಿಕೊಂಡ ದಿನವಂತೆ, ಸಂಜೆ ಕಾಫಿಗೆ ಬಾ ಎಂದು ಕರೆದಿದ್ದರಂತೆ. ನಾನು ಬರುತ್ತೇನೆಂದು ಎರಡು ಲೋಟ ಇಟ್ಟು ಕಾದಿದ್ದರೆಂದು ಪಕ್ಕದ ಮನೆಯವರು ಇಂಗ್ಲಿಷಿನಲ್ಲಿ ಹೇಳಿದ್ದು ತಿಂಗಳಾದ ಮೇಲೆ.

ಇದರಲ್ಲಿ ತಪ್ಪು ನನ್ನದೇ. ಮೂರು ವರ್ಷ ಇದ್ದ ಊರಿನ ಮಾತನ್ನು ಕಲಿಯದೆ ಅಲ್ಲಿ ಇದ್ದೆ ಎನ್ನಲು ನನಗೆ ಮನಸ್ಸು ಒಪ್ಪುವುದಿಲ್ಲ. ಬೆಂಗಳೂರಿಗೆ ಬಂದು ಹತ್ತು ವರ್ಷವಾದರೂ ಕನ್ನಡ ಆಡದವರ ಬಗ್ಗೆ ನಾವು ನೊಂದುಕೊಳ್ಳುತ್ತೇವೆ. ಆ ನೋವು ನ್ಯಾಯವಾದದ್ದು. ಹೊರಗೆ ಹೋದ ನಾವೂ ಅದೇ ನ್ಯಾಯಕ್ಕೆ ಬದ್ಧರು.

ಸೋಮವಾರ ಸಂಜೆ ಅಜ್ಜಿಯ ಬಾಗಿಲು ತಟ್ಟಿದೆ. ಮುರುಕು ಜರ್ಮನ್‌ನಲ್ಲಿ, ನಾಡಿದ್ದು ಹೊರಡುತ್ತೇನೆ, ಕಾಫಿ ಕುಡಿಯಲು ಬಂದಿದ್ದೇನೆ ಎಂದೆ. ಒಂದೂವರೆ ಗಂಟೆ ಕೂತೆ. ತಿಳಿಯದ ಪ್ರತಿ ಮಾತಿಗೂ ತಡೆದು ಕೇಳಿದೆ. ಅವರು ಬೇಸರಿಸದೆ ತಿರುಗಿ ಹೇಳಿದರು, ಕೆಲವನ್ನು ಚೀಟಿಯಲ್ಲಿ ಬರೆದುಕೊಟ್ಟರು. ಹದಿನೇಳು ಪದಗಳಿವೆ ಅದರಲ್ಲಿ.

ಕೆಲಸಕ್ಕೋ ಓದಿಗೋ ಆ ಕಡೆಗೆ ಹೊರಟವರು ಈ ಲೇಖನ ಓದುತ್ತಿದ್ದರೆ ಒಂದು ಮಾತು. ಭಾಷೆಯ ತರಗತಿಗೆ ಮೊದಲ ತಿಂಗಳೇ ಸೇರಿಕೊಳ್ಳಿ. ಟ್ಯೂಬಿಂಗೆನ್‌ಗೆ ಹೋಗಿ ಬನ್ನಿ, ಆದರೆ ಅದನ್ನು ಕೊನೆಯ ಭಾನುವಾರಕ್ಕೆ ಉಳಿಸಬೇಡಿ.