‘ಅವರಿಗೆಲ್ಲ ಅಭ್ಯಾಸ ಆಗಿರುತ್ತೆ ಬಿಡಿ’

ಹೆದ್ದಾರಿಯಲ್ಲಿ ಅಪಘಾತವಾದಾಗ ಬಂದು ನಿಲ್ಲುವ 108 ವಾಹನದಿಂದ ಇಳಿಯುವವರು ಸಾಮಾನ್ಯವಾಗಿ ಇಬ್ಬರು. ಒಬ್ಬರು ಇಎಂಟಿ, ಅಂದರೆ ತುರ್ತು ವೈದ್ಯಕೀಯ ತಂತ್ರಜ್ಞ; ಇನ್ನೊಬ್ಬರು ಚಾಲಕ. 108ರ ಭಾಷೆಯಲ್ಲಿ ಚಾಲಕ ಅಂದರೆ ‘ಪೈಲಟ್’. ನೆರೆದವರು ಮುಖ ತಿರುಗಿಸಿಕೊಳ್ಳುವ ಹೊತ್ತಿನಲ್ಲಿ ಇವರು ರಸ್ತೆಯ ಮೇಲೆ ಮಂಡಿಯೂರಿರುತ್ತಾರೆ. ಆಗ ಗುಂಪಿನಲ್ಲಿ ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ: ‘ದಿನಾ ನೋಡ್ತಾರೆ, ಅವರಿಗೆಲ್ಲ ಅಭ್ಯಾಸ ಆಗಿರುತ್ತೆ ಬಿಡಿ.’

ಅಭ್ಯಾಸವಾಗುವುದು ಕೈಗೆ. ಡ್ರಿಪ್ ಹಾಕುವುದು, ರಕ್ತ ಸೋರದಂತೆ ಒತ್ತಿ ಹಿಡಿಯುವುದು, ಉಸಿರಿನ ದಾರಿ ತೆರವು ಮಾಡುವುದು ಯೋಚಿಸದೆ ನಡೆಯುವಷ್ಟು ರೂಢಿಯಾಗುತ್ತವೆ. ಮನಸ್ಸಿನ ಲೆಕ್ಕವೇ ಬೇರೆ. ವರ್ಷಗಟ್ಟಲೆ ಅಪಘಾತ ನೋಡಿಯೂ ಅಲುಗದವರು ತಮ್ಮ ಮಗಳ ವಯಸ್ಸಿನ ಮಗುವನ್ನು ಸ್ಟ್ರೆಚರ್ ಮೇಲೆ ಕಂಡ ದಿನ ಊಟ ಬಿಡುತ್ತಾರೆ. ತಾಲ್ಲೂಕು ಆಸ್ಪತ್ರೆಯ ನರ್ಸ್‌ಗೆ ಇನ್ನೊಂದು ಕಷ್ಟವೂ ಇದೆ. ಅಲ್ಲಿಗೆ ಬರುವ ಗಾಯಾಳು ನೆರೆಮನೆಯವರೋ ಓರಗೆಯವರೋ ಆಗಿರಬಹುದು. ನಾಳೆ ಸಂತೆಯಲ್ಲಿ ಅವರ ಮನೆಯವರು ಎದುರಾಗಬಹುದು.

ಇದಕ್ಕೆ ತದ್ವಿರುದ್ಧವಾದ ನಂಬಿಕೆಯೂ ಅಷ್ಟೇ ತಪ್ಪು: ಇಂಥ ಕೆಲಸ ಮಾಡುವವರೆಲ್ಲ ಒಂದಲ್ಲ ಒಂದು ದಿನ ಕುಸಿಯುತ್ತಾರೆ ಎಂಬುದು. ಭೀಕರವಾದದ್ದನ್ನು ಕಂಡ ಬಹುಪಾಲು ಜನ ತಾವಾಗಿಯೇ ಚೇತರಿಸಿಕೊಳ್ಳುತ್ತಾರೆ. ಮೊದಲ ಕೆಲವು ವಾರ ನಿದ್ದೆ ಕೆಡುವುದು, ಸಣ್ಣ ಮಾತಿಗೂ ಸಿಡುಕುವುದು, ಕಂಡದ್ದು ಮತ್ತೆ ಮತ್ತೆ ಕಣ್ಣಿಗೆ ಕಟ್ಟುವುದು ಕಾಯಿಲೆಯಲ್ಲ. ತಿಂಗಳು ದಾಟಿದ ಮೇಲೂ ಅದು ಬಿಡದಿದ್ದರೆ, ಅಪಘಾತ ನಡೆದ ತಿರುವಿನ ರಸ್ತೆಯನ್ನೇ ತಪ್ಪಿಸಿ ಓಡಾಡುವಂತಾದರೆ, ಮಲಗಲು ಕುಡಿತವೇ ಬೇಕಾದರೆ ಚಿಕಿತ್ಸೆಯ ಮಾತು ಬರುತ್ತದೆ.

ಹಾಗಾದರೆ ದುರಂತ ನಡೆದ ಕೂಡಲೇ ಎಲ್ಲರನ್ನೂ ಒಂದು ಕೋಣೆಯಲ್ಲಿ ಕೂರಿಸಿ, ಕಂಡದ್ದನ್ನೆಲ್ಲ ಬಾಯಿಬಿಟ್ಟು ಹೇಳಿಸಿದರೆ ಮನಸ್ಸು ಹಗುರಾಗುತ್ತದಲ್ಲವೇ? ತುಂಬ ಸಹಜವಾಗಿ ಕಾಣುವ ನಂಬಿಕೆ ಇದು, ಒಳ್ಳೆಯ ಮನಸ್ಸಿನವರದೇ ನಂಬಿಕೆ. ಅಮೆರಿಕದ ಜೆಫ್ರಿ ಮಿಚೆಲ್ 1983ರಲ್ಲಿ ತುರ್ತು ಸೇವೆಯವರಿಗಾಗಿ ಇದಕ್ಕೊಂದು ಕ್ರಮವನ್ನೇ ರೂಪಿಸಿದರು. ‘ಡಿಬ್ರೀಫಿಂಗ್’ ಎಂಬ ಹೆಸರಿನಲ್ಲಿ ಅದು ಹಲವು ದೇಶಗಳಿಗೆ ಹಬ್ಬಿತು. ಆಮೇಲೆ ಪರೀಕ್ಷೆಗಳು ನಡೆದವು. ಸುಟ್ಟಗಾಯದ ರೋಗಿಗಳ ಮೇಲೆ ಬ್ರಿಟನ್ನಿನಲ್ಲಿ ನಡೆದು 1997ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೀಗೆ ಮಾತಾಡಿಸಿದ ಗುಂಪಿನ 26% ಮಂದಿಗೆ 13 ತಿಂಗಳ ನಂತರ ಆಘಾತೋತ್ತರ ಒತ್ತಡದ ಕಾಯಿಲೆ ಇತ್ತು. ಮಾತಾಡಿಸದೆ ಬಿಟ್ಟವರಲ್ಲಿ ಅದು 9%. ಅವರು ರೋಗಿಗಳು, ಸಿಬ್ಬಂದಿಯಲ್ಲ. ಮಾತಾಡಿಸಿದ ಗುಂಪಿನವರ ಗಾಯಗಳೂ ಮೊದಲಿಂದಲೇ ಸ್ವಲ್ಪ ಹೆಚ್ಚು ತೀವ್ರವಾಗಿದ್ದವು. ಆದರೆ ಇಂಥ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಕಾಕ್ರೇನ್ ವಿಮರ್ಶೆ ಕೂಡ ಒಂದೇ ಬೈಠಕ್ಕಿನ ಡಿಬ್ರೀಫಿಂಗ್ ಕಾಯಿಲೆಯನ್ನು ತಡೆಯುವುದಿಲ್ಲ, ಕಡ್ಡಾಯ ಮಾಡುವುದನ್ನು ನಿಲ್ಲಿಸಬೇಕು ಎಂದಿತು.

ಗಾಯ ಹಸಿಯಾಗಿರುವಾಗಲೇ ಕೆದಕಿಸಬಾರದು ಎಂದಷ್ಟೇ ಇದರ ಅರ್ಥ. ಮಾತೇ ಬೇಡ ಎಂದಲ್ಲ. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಹೊರತಂದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿ ಇನ್ನೂ ಸರಳವಾದದ್ದನ್ನು ಹೇಳುತ್ತದೆ: ನೊಂದವರಿಗೆ ಈಗ ಏನು ಬೇಕು ನೋಡಿ, ಹೇಳಿಕೊಂಡರೆ ಕೇಳಿ, ಬೇಕಾದ ನೆರವು ಸಿಗುವಂತೆ ಮಾಡಿ. ವಾರ್ಡಿನಲ್ಲಿ ಇದರ ರೂಪ ತೀರಾ ಸಾಮಾನ್ಯ. ಟೀ ಕುಡಿದು ಬಾ ಎಂದು ಕಿರಿಯರನ್ನು ಕಳಿಸಿ ಅಷ್ಟು ಹೊತ್ತು ಅವರ ಬೆಡ್‌ಗಳನ್ನು ತಾವು ನೋಡಿಕೊಳ್ಳುವ ಹಿರಿಯ ಸಿಸ್ಟರ್ ಇದ್ದಾರಲ್ಲ, ಹತ್ತು ದಿನ ಬಿಟ್ಟು ‘ನಿದ್ದೆ ಬರ್ತಿದೆಯೇನಮ್ಮ?’ ಎಂದು ಮತ್ತೆ ಕೇಳುವವರು, ಅವರು ಮಾಡುವುದು ಇದನ್ನೇ.

ಇನ್ನು ಆಡಳಿತ ಮಂಡಳಿಗಳಿಗೆ ಪ್ರಿಯವಾದ ನಂಬಿಕೆ: ‘ಒಂದು ಯೋಗ ಶಿಬಿರ ಮಾಡಿಸಿಬಿಡೋಣ.’ ಯೋಗದಿಂದ ಕೆಡುಕೇನೂ ಇಲ್ಲ. ಆದರೆ ನೈಟ್ ಡ್ಯೂಟಿ ಮುಗಿಸಿದವರನ್ನು ಬೆಳಿಗ್ಗೆ ಏಳಕ್ಕೆ ಚಾಪೆಯ ಮೇಲೆ ಕೂರಿಸಿ ‘ಒತ್ತಡ ನಿರ್ವಹಣೆ’ ಕಲಿಸುವುದನ್ನು ಕ್ರೌರ್ಯ ಎನ್ನದೆ ಇನ್ನೇನು ಅನ್ನಬೇಕೋ ನನಗೆ ತೋಚುತ್ತಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣದ 11ನೇ ಆವೃತ್ತಿ (2019) ‘ಬರ್ನ್‌ಔಟ್’ ಅನ್ನು ಕಾಯಿಲೆಗಳ ಸಾಲಿಗೆ ಸೇರಿಸಲೇ ಇಲ್ಲ. ಕೆಲಸದ ಜಾಗದ ಒತ್ತಡವನ್ನು ಸರಿಯಾಗಿ ನಿಭಾಯಿಸದೆ ಬಿಟ್ಟಾಗ ಹುಟ್ಟುವ ಸ್ಥಿತಿ ಎಂದು ಬರೆಯಿತು. ಮೈಮನಸ್ಸು ಬಸವಳಿಯುವುದು, ಕೆಲಸದ ಬಗ್ಗೆ ಜಿಗುಪ್ಸೆ, ಮಾಡಿದ್ದರಿಂದ ಏನೂ ಆಗುತ್ತಿಲ್ಲ ಎಂಬ ಭಾವ, ಇವು ಅದರ ಮೂರು ಗುರುತುಗಳು. ಅಂದರೆ ಮದ್ದು ಹುಡುಕಬೇಕಾದ ಮೊದಲ ಜಾಗ ಡ್ಯೂಟಿ ಪಟ್ಟಿ.

ಆ ಪಟ್ಟಿಯ ಮಾತು ತೆಗೆದರೆ ಸಾಕು, ಹಿರಿಯರ ಮಾತು ಸಿದ್ಧವಾಗಿರುತ್ತದೆ: ‘ನಮ್ಮ ಕಾಲದಲ್ಲಿ 36 ಗಂಟೆ ಒಂದೇ ಸಮ ಮಾಡ್ತಿದ್ವಿ, ನಮಗೇನಾಯ್ತು?’ ಅವರಿಗೇನಾಯಿತೋ ಅವರೇ ಹೇಳಬೇಕು. ರೋಗಿಗಳಿಗೇನಾಯಿತು ಎಂದು ಯಾರೂ ಆಗ ಲೆಕ್ಕ ಇಟ್ಟಿರಲಿಲ್ಲ. ಲೆಕ್ಕ ಇಟ್ಟದ್ದು ಬಾಸ್ಟನ್ನಿನಲ್ಲಿ. 2004ರಲ್ಲಿ ಪ್ರಕಟವಾದ ಅಲ್ಲಿನ ಅಧ್ಯಯನದ ಪ್ರಕಾರ, ತೀವ್ರ ನಿಗಾ ಘಟಕದಲ್ಲಿ ಹಳೆಯ ದೀರ್ಘ ಪಾಳಿ ಮಾಡಿದ ಕಿರಿಯ ವೈದ್ಯರು ಕಡಿಮೆ ಅವಧಿಯ ಪಾಳಿಯಲ್ಲಿದ್ದಾಗಿನದಕ್ಕಿಂತ 36% ಹೆಚ್ಚು ಗಂಭೀರ ತಪ್ಪುಗಳನ್ನು ಮಾಡಿದ್ದರು. 1997ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ತೋರಿಸಿದ್ದು ಇನ್ನೂ ಚುಚ್ಚುವಂಥದ್ದು: ಸತತ 17 ಗಂಟೆ ಎಚ್ಚರವಿದ್ದವರ ಚುರುಕುತನ, ರಕ್ತದಲ್ಲಿ 0.05% ಮದ್ಯ ಇರುವವರ ಮಟ್ಟಕ್ಕೆ ಇಳಿದಿರುತ್ತದೆ. ನಮ್ಮ ಮೋಟಾರು ವಾಹನ ಕಾಯ್ದೆಯಲ್ಲಿ ಕುಡಿದು ಓಡಿಸುವವರಿಗೆ ಇರುವ ಮಿತಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ, ಅಂದರೆ 0.03%. ಸ್ಕೂಟರ್ ಓಡಿಸಲು ಬಿಡದ ಸ್ಥಿತಿಯಲ್ಲಿ ಹೊಲಿಗೆ ಹಾಕಿಸುತ್ತೇವೆ.

ನಿಯಮ ಇಲ್ಲವೆಂದಲ್ಲ. ಕೇಂದ್ರ ಆರೋಗ್ಯ ಸಚಿವಾಲಯದ 1992ರ ರೆಸಿಡೆನ್ಸಿ ಯೋಜನೆಯಲ್ಲೇ ರೆಸಿಡೆಂಟ್ ವೈದ್ಯರ ಸತತ ಡ್ಯೂಟಿ ಸಾಮಾನ್ಯವಾಗಿ ದಿನಕ್ಕೆ 12 ಗಂಟೆ ಮೀರಬಾರದು, ವಾರಕ್ಕೊಂದು ರಜೆ ಇರಬೇಕು ಎಂದಿದೆ. ಯಾವ ಪಿಜಿ ವಿದ್ಯಾರ್ಥಿಯನ್ನಾದರೂ ಕೇಳಿ ನೋಡಿ, ನಗುತ್ತಾರೆ.

‘ಡಾಕ್ಟರಿಗೆ ನಾವೇನು ಹೇಳೋದು, ಅವರಿಗೇ ಗೊತ್ತಿರುತ್ತಲ್ಲ’ ಎಂಬುದೂ ಒಂದು ಭ್ರಮೆ. ಗೊತ್ತಿರುವುದರಿಂದಲೇ ತಮಗೆ ತಾವೇ ಮಾತ್ರೆ ಬರೆದುಕೊಂಡು ಸುಮ್ಮನಿರುತ್ತಾರೆ. 2024ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ, ಹಲವು ದೇಶಗಳ ಅಂಕಿ ಅಂಶ ಸೇರಿಸಿದ ವಿಶ್ಲೇಷಣೆಯಲ್ಲಿ ಮಹಿಳಾ ವೈದ್ಯರ ಆತ್ಮಹತ್ಯೆಯ ಪ್ರಮಾಣ ಸಾಮಾನ್ಯ ಮಹಿಳೆಯರಿಗಿಂತ 76% ಹೆಚ್ಚಿತ್ತು. ಪುರುಷ ವೈದ್ಯರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಜ್ಞಾನವೇ ಕವಚವಾಗಿದ್ದರೆ ಈ ಅಂತರ ಇರುತ್ತಿರಲಿಲ್ಲ.

ಇಷ್ಟೆಲ್ಲ ಮಾತಾಡುವಾಗಲೂ ನಮ್ಮ ಕಣ್ಣ ಮುಂದೆ ಬಿಳಿ ಕೋಟೇ ಬರುತ್ತದೆ. ಶವಾಗಾರದ ಸಿಬ್ಬಂದಿ, ವಾರ್ಡಿನ ಆಯಾ, ಅಗ್ನಿಶಾಮಕದವರು ಪಟ್ಟಿಯ ಕೊನೆಗೂ ಬರುವುದಿಲ್ಲ. ಆಶಾ ಕಾರ್ಯಕರ್ತೆಯರ ವಿಷಯ ನೋಡಿ. 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅವರಿಗೆ ಜಾಗತಿಕ ಆರೋಗ್ಯ ನಾಯಕತ್ವದ ಪ್ರಶಸ್ತಿ ಕೊಟ್ಟಿತು. 2025ರ ಜನವರಿಯ ಚಳಿಯಲ್ಲಿ ಕರ್ನಾಟಕದ ಆಶಾಗಳು ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಗೌರವಧನಕ್ಕಾಗಿ ಕೂತಿದ್ದರು. ಸಂಬಳದ ಚಿಂತೆಯಲ್ಲಿ ನಿದ್ದೆ ಕೆಟ್ಟವರಿಗೆ ಆಪ್ತಸಮಾಲೋಚನೆ ಎಷ್ಟರಮಟ್ಟಿಗೆ ಒದಗೀತು?

ಕೊನೆಗೆ ಎಲ್ಲರನ್ನೂ ತಡೆಯುವ ಭಯ: ‘ಮಾನಸಿಕ ವೈದ್ಯರ ಹತ್ತಿರ ಹೋದರೆ ಆಫೀಸಿನಲ್ಲಿ ಗೊತ್ತಾಗುತ್ತೆ, ಕೆಲಸಕ್ಕೆ ಕುತ್ತು.’ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಕಲಂ ಚಿಕಿತ್ಸೆಯ ವಿವರ ಗುಟ್ಟಾಗಿಡುವುದನ್ನು ರೋಗಿಯ ಹಕ್ಕು ಎನ್ನುತ್ತದೆ. ಜೀವಕ್ಕೆ ಅಪಾಯ, ನ್ಯಾಯಾಲಯದ ಆದೇಶದಂಥ ಕೆಲವು ವಿನಾಯಿತಿಗಳಿವೆ. ಮೇಲಧಿಕಾರಿಯ ಕುತೂಹಲ ಅವುಗಳಲ್ಲಿ ಸೇರಿಲ್ಲ. ತಮ್ಮದೇ ಆಸ್ಪತ್ರೆಯ ಒಪಿಡಿಯಲ್ಲಿ ಚೀಟಿ ಮಾಡಿಸಲು ಮುಜುಗರವಾದರೆ ಟೆಲಿ ಮನಸ್ ಇದೆ. 2022ರ ಅಕ್ಟೋಬರ್ 10ರಂದು ಶುರುವಾದ, ನಿಮ್ಹಾನ್ಸ್ ಮುಂದಾಳತ್ವದ ಉಚಿತ ಸೇವೆ ಅದು. ಸಂಖ್ಯೆ 14416. ಕನ್ನಡದಲ್ಲೇ ಮಾತಾಡಬಹುದು, ದಿನದ 24 ಗಂಟೆಯೂ ತೆರೆದಿರುತ್ತದೆ. ನೈಟ್ ಡ್ಯೂಟಿ ನಡುವೆ ಬೆಳಗಿನ ಜಾವ ಮೂರಕ್ಕೆ ಬಿಡುವು ಸಿಕ್ಕರೂ ಕರೆ ಮಾಡಬಹುದು.