ಓಲ್ಡ್ ಬೇರೆ, ವೋರ್ನ್ ಔಟ್ ಬೇರೆ



ಭದ್ರಾವತಿಗೆ ಹೋದವರೆಲ್ಲ ಓಲ್ಡ್ ಟೌನ್ ಎಂಬ ಹೆಸರು ಕೇಳಿದ್ದೀರಿ. ಓಲ್ಡ್ ಅಂದರೆ ಹಳೆಯದು, ಹಳೆಯದು ಅಂದರೆ ಹಾಳಾದದ್ದು ಅಂತ ನಮ್ಮಲ್ಲಿ ಕೆಲವರು ತಿಳಿದಿದ್ದಾರೆ. ಇದು ತಪ್ಪು. ಓಲ್ಡ್ ಎಂಬ ಪದ ವಯಸ್ಸನ್ನು ಮಾತ್ರ ಹೇಳುತ್ತದೆ. ಅಲ್ಲಿನ ಲಕ್ಷ್ಮೀನರಸಿಂಹ ದೇವಸ್ಥಾನ ಹೊಯ್ಸಳರ ಕಾಲದ್ದು, 13ನೆಯ ಶತಮಾನದ್ದು. ಇಂದಿಗೂ ಪೂಜೆ ನಡೆಯುತ್ತಿದೆ. ಇನ್ನು ನ್ಯೂ ಟೌನ್, 1923ರಲ್ಲಿ ಕೆಲಸ ಶುರುಮಾಡಿದ ಕಬ್ಬಿಣದ ಕಾರ್ಖಾನೆಯಿಂದ ಬೆಳೆದದ್ದು. ಅದಕ್ಕೂ ಸುಮಾರು ನೂರು ವರ್ಷ ವಯಸ್ಸಾಯಿತು, ಹೆಸರು ಮಾತ್ರ ಇನ್ನೂ ನ್ಯೂ!

ಸವೆದ ವಸ್ತುವಿಗೆ ಇಂಗ್ಲಿಷಿನಲ್ಲಿ ಬೇರೆ ಪದವಿದೆ. ಅದೇ ವೋರ್ನ್. ವೇರ್, ವೋರ್, ವೋರ್ನ್ ಅಂತ ಬಾಯಿಪಾಠ ಮಾಡ್ತೀವಲ್ಲ, ಅದರಲ್ಲಿ ಮೂರನೆಯದು. ವೇರ್ ಎಂದರೆ ತೊಡು ಎಂದೂ ಅರ್ಥ, ಸವೆ ಎಂದೂ ಅರ್ಥ. ತೊಟ್ಟು ತೊಟ್ಟು ತಾನೇ ಬಟ್ಟೆ ಸವೆಯುವುದು!

ಇದಕ್ಕೆ ಔಟ್ ಸೇರಿದರೆ ಅರ್ಥ ಬದಲಾಗುತ್ತದೆ. ನಾವು "ಸವೆದಿದೆ" ಅಂತೀವಿ, "ಸವೆದು ಹೋಗಿದೆ" ಅಂತಲೂ ಅಂತೀವಿ. ಈ "ಹೋಗಿದೆ" ಮಾಡುವ ಕೆಲಸವನ್ನೇ ಅಲ್ಲಿ ಔಟ್ ಮಾಡುತ್ತದೆ. ಹಗ್ಗ ಉಜ್ಜಿ ಉಜ್ಜಿ ಬಾವಿಕಟ್ಟೆಯ ಕಲ್ಲು ಸವೆದಿದ್ದರೆ ವೋರ್ನ್. ನೀರು ಸೇದಲು ಏನೂ ತೊಂದರೆಯಿಲ್ಲ. ಚಪ್ಪಲಿ ತೂತಾಗಿ ಕಾಲು ನೆಲಕ್ಕೆ ತಾಗಿದರೆ ವೋರ್ನ್ ಔಟ್.

ಸೈಕಲ್ಲಿನಲ್ಲಿ ಬರುವವರು ಬ್ರೇಕಿನ ರಬ್ಬರ್ ನೋಡಿಕೊಳ್ಳಿ. ಅದರ ಗೀರುಗಳು ಇನ್ನೂ ಕಾಣುತ್ತಿದ್ದರೆ ವೋರ್ನ್, ಸ್ವಲ್ಪ ದಿನ ನಡೆಯುತ್ತದೆ. ಗೀರೆಲ್ಲ ಅಳಿಸಿ ಕಬ್ಬಿಣವೇ ರಿಮ್ಮಿಗೆ ಉಜ್ಜುತ್ತಿದ್ದರೆ ವೋರ್ನ್ ಔಟ್. ಆಗ "ಇರ್ಲಿ ಬಿಡೋ, ಹಳೇದು ಅಷ್ಟೇ" ಅಂತ ಇಳಿಜಾರಿನಲ್ಲಿ ಬಿಟ್ಟರೆ ಹಲ್ಲು ಉದುರುತ್ತೆ.

ಅಣ್ಣನ ಯೂನಿಫಾರಂ ತಮ್ಮ ಹಾಕಿಕೊಂಡು ಬಂದರೆ ಕೆಲವರು "ವೋರ್ನ್ ಔಟ್" ಅಂತ ಕೂಗಿ ನಗುತ್ತಾರೆ. ನಗುವುದೂ ಸರಿಯಲ್ಲ, ಇಂಗ್ಲಿಷೂ ಸರಿಯಲ್ಲ. ಹರಿಯದೆ, ಮೈ ಮುಚ್ಚುವ ಅಂಗಿ ಓಲ್ಡ್ ಇರಬಹುದು, ಹೆಚ್ಚೆಂದರೆ ವೋರ್ನ್. ಔಟ್ ಆಗಿಲ್ಲ.

ಮನುಷ್ಯರಿಗೂ ಈ ಮಾತು ಸಲ್ಲುತ್ತದೆ, ಆದರೆ ವಯಸ್ಸಿಗಲ್ಲ, ಆಯಾಸಕ್ಕೆ. ದಿನವೆಲ್ಲ ಗದ್ದೆ ನಾಟಿ ಮಾಡಿ ಬಂದ ಅಮ್ಮ "ಸಾಕಾಗಿ ಹೋಯ್ತು ಕಣೋ" ಅಂತಾಳಲ್ಲ, ಅದೇ "ಐ ಆ್ಯಮ್ ವೋರ್ನ್ ಔಟ್." ಅಲ್ಲೂ "ಹೋಯ್ತು" ಬಂತು ನೋಡಿ.

ಊಟದ ವಿಷಯಕ್ಕೆ ಇವೆರಡೂ ಬೇಡ. ಹಳಸಿದ ಅನ್ನಕ್ಕೆ ಸ್ಪಾಯಿಲ್ಡ್ ಅನ್ನಬೇಕು. ಓಲ್ಡ್ ರೈಸ್ ಅಂದರೆ ಹಳೇ ಅಕ್ಕಿ ಅಂತ ತಿಳಿದಾರು. ಅದಕ್ಕೆ ಅಂಗಡೀಲಿ ಹೊಸ ಅಕ್ಕಿಗಿಂತ ರೇಟು ಜಾಸ್ತಿ!