ನಿಮಗಿದು ಗೊತ್ತೆ? ಕಲ್ಲುಗೋಡೆಯ ಮನೆಯಲ್ಲಿ ವೈಫೈ
ಆದೋನಿ, ಆಲೂರು ಕಡೆಯ ಹಳೆಯ ಮನೆಗಳ ದಪ್ಪ ಕಲ್ಲುಗೋಡೆ ಬಿಸಿಲನ್ನಷ್ಟೇ ಅಲ್ಲ, ವೈಫೈ ಅಲೆಯನ್ನೂ ತಡೆಯುತ್ತದೆ. 2.4 ಗಿಗಾಹರ್ಟ್ಸ್ ಅಲೆ ಒಳಮನೆಗೆ ಅಷ್ಟಿಷ್ಟು ತಲುಪೀತು. ವೇಗದ 5 ಗಿಗಾಹರ್ಟ್ಸ್ ಪಡಸಾಲೆ ದಾಟುವಷ್ಟರಲ್ಲಿ ಸೊರಗುತ್ತದೆ. ಯಾವ ಸೆಟ್ಟಿಂಗ್ ಮುಟ್ಟುವ ಮೊದಲೂ ರೂಟರನ್ನು ಗೋಡೆಗೂಡಿನಿಂದ ತೆಗೆದು ಮನೆಯ ನಡುವೆ, ಎತ್ತರದಲ್ಲಿಡಿ.

2.4ರಲ್ಲಿ ಒಂದಕ್ಕೊಂದು ತಾಗದ ಚಾನೆಲ್‌ಗಳು ಮೂರೇ: 1, 6, 11. ಓಣಿಯ ರೂಟರ್‌ಗಳೆಲ್ಲ ಇವನ್ನೇ ಹಂಚಿಕೊಳ್ಳಬೇಕು. ಹಾಗಾಗಿ ಚಾನೆಲ್ ಅಗಲ 40 ಮೆಗಾಹರ್ಟ್ಸ್ ಬೇಡ, 20 ಇರಲಿ. ಯಾವ ಚಾನೆಲ್, ಎಷ್ಟು ಶಕ್ತಿ ಬಳಸಬಹುದು ಎಂಬುದನ್ನು ರೂಟರ್‌ನ ಡ್ರೈವರ್ ತಂತ್ರಾಂಶ ದೇಶದ ಸಂಕೇತ ನೋಡಿ ತೀರ್ಮಾನಿಸುತ್ತದೆ. ಆ ಸಂಕೇತ ‘ಭಾರತ’ ಎಂದೇ ಇರಬೇಕು. 2.4ರಷ್ಟು ಇಕ್ಕಟ್ಟು 5 ಗಿಗಾಹರ್ಟ್ಸ್ ಪಟ್ಟಿಯಲ್ಲಿಲ್ಲ; ಅಲ್ಲಿ 605 ಮೆಗಾಹರ್ಟ್ಸ್‌ನಷ್ಟು ಜಾಗ ನಮ್ಮಲ್ಲಿ 2018ರ ಅಕ್ಟೋಬರ್‌ನಲ್ಲೇ ಲೈಸೆನ್ಸ್‌ಮುಕ್ತವಾಗಿದೆ.

ವೇಗವಿದ್ದೂ ವಿಡಿಯೊ ಕರೆ ತಡವರಿಸುತ್ತದೆಯೆ? ಹತ್ತಿ ತುಂಬಿದ ಗಾಡಿಗಳು ಮಾರುಕಟ್ಟೆಯ ದಾರಿ ಕಟ್ಟಿದಾಗ ಹಿಂದಿನ ಸೈಕಲ್ ನಿಂತುಬಿಡುವಂತೆ, ದೊಡ್ಡ ಫೈಲ್‌ನ ಹಿಂದೆ ಮಾತಿನ ಪುಟ್ಟ ಪ್ಯಾಕೆಟ್‌ಗಳು ಸಾಲುಗಟ್ಟುತ್ತವೆ. ‘ಓಪನ್‌ಡಬ್ಲ್ಯುಆರ್‌ಟಿ’ ಎಂಬ ಮುಕ್ತ ತಂತ್ರಾಂಶ ಹಾಕಿದ ರೂಟರ್‌ನಲ್ಲಿ ಪ್ಯಾಕೆಟ್‌ಗಳ ಸಾಲನ್ನು ನಿಭಾಯಿಸುವ ‘ಎಸ್‌ಕ್ಯುಎಂ’ ಸೌಲಭ್ಯ ಸೇರಿಸಿಕೊಂಡು, ಅದರಲ್ಲಿ ವೇಗದ ಮಿತಿಯನ್ನು ಲೈನ್‌ನ ನಿಜವೇಗದ ಶೇ. 90ರ ಆಸುಪಾಸಿಗೆ ಇಳಿಸಿದರೆ ಈ ಸಾಲು ಕರಗುತ್ತದೆ.